ಹಳೆಯ ತೋಟದ ಟ್ರ್ಯಾಕ್ಟರ್: ಹೊಗೆ ನೋಡಿ ರೋಗ ಹಿಡಿಯುವುದು

ಟ್ರ್ಯಾಕ್ಟರ್ ಮೆಕ್ಯಾನಿಕ್ ತರಬೇತಿಯ ಪುಸ್ತಕಗಳಲ್ಲಿ ದೋಷಗಳ ಕೋಷ್ಟಕ ಇರುತ್ತದೆ. ಎಡಗಡೆ ಲಕ್ಷಣ, ಬಲಗಡೆ ಆರೇಳು ಕಾರಣ. ಪರೀಕ್ಷೆಗೆ ಅಷ್ಟು ಸಾಕು. ಆದರೆ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಚಾಟಣಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದು ಔಷಧಿ ಹೊಡೆಯುವ ಹೊತ್ತಿಗೆ ಬಂಡಿ ಸ್ಟಾರ್ಟ್ ಆಗದಿದ್ದರೆ, ಆ ಏಳರಲ್ಲಿ ಮೊದಲು ಯಾವುದನ್ನು ನೋಡಬೇಕು ಎಂಬುದಕ್ಕೆ ಕೋಷ್ಟಕದಲ್ಲಿ ಉತ್ತರವಿಲ್ಲ. ಅದಕ್ಕಾಗಿ ಈ ಟಿಪ್ಪಣಿ.

ಇಲ್ಲಿ ಹೇಳುವುದೆಲ್ಲ ಚಿಕ್ಕ ಡೀಸೆಲ್ ಟ್ರ್ಯಾಕ್ಟರ್‌ಗಳ ಮಾತು. ಮಿತ್ಸುಬಿಶಿ ಸಹಯೋಗದಿಂದ ಬೆಳೆದ ಬೆಂಗಳೂರಿನ ವಿಎಸ್‌ಟಿ ಕಂಪನಿಯ ಎಂಟಿ 180ಡಿ, ಮೂರು ಸಿಲಿಂಡರ್, 18.5 ಅಶ್ವಶಕ್ತಿಯದು, ದ್ರಾಕ್ಷಿ ಸಾಲುಗಳ ನಡುವೆ ಸಲೀಸಾಗಿ ನುಗ್ಗುತ್ತದೆ. ಅದಕ್ಕಿಂತ ಹಿರಿಯದು ಎಚ್‌ಎಂಟಿ 2511. ಚೆಕೊಸ್ಲೊವಾಕಿಯಾದ ಜೆಟಾರ್ ತಂತ್ರಜ್ಞಾನದ ಈ 25 ಅಶ್ವಶಕ್ತಿಯ ಬಂಡಿ ಕೆಲವರ ಶೆಡ್ಡಿನಲ್ಲಿ ಇಂದಿಗೂ ಜೀವಂತವಾಗಿದೆ. ಎರಡಕ್ಕೂ ತಪಾಸಣೆಯ ಕ್ರಮ ಒಂದೇ.

ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತಿದೆಯೇ?

ಕೀ ತಿರುಗಿಸಿದಾಗ ಬರೀ ಟಕ್ ಎಂದು ಸುಮ್ಮನಾದರೆ ಕೂಡಲೇ ಹೊಸ ಬ್ಯಾಟರಿ ತರಿಸಬೇಡಿ. ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಕೀ ತಿರುಗಿಸಿದ ಗಳಿಗೆಯಲ್ಲಿ ಅದು 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಎಂದು ಅನುಮಾನಿಸಬಹುದು. 12ರ ಆಸುಪಾಸಿನಲ್ಲೇ ನಿಂತಿದ್ದು ಸ್ಟಾರ್ಟರ್ ಅಲುಗಾಡದಿದ್ದರೆ ಕರೆಂಟ್ ಹರಿಯುತ್ತಲೇ ಇಲ್ಲ ಎಂದರ್ಥ. ಆಗ ಟರ್ಮಿನಲ್ ಮೇಲೆ ಹೂವಿನಂತೆ ಅರಳಿದ ಬಿಳಿ-ಹಸಿರು ಪುಡಿ, ಬಂಡಿಯ ಲೋಹದ ಬಾಡಿಗೆ ಬಿಗಿದ ಅರ್ಥ್ ಕೇಬಲ್‌ನ ತುಕ್ಕು, ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್), ಈ ಸಾಲಿನಲ್ಲಿ ನೋಡಿ. ಅರ್ಥ್ ಕೇಬಲ್ ಬಿಚ್ಚಿ ಬಾಡಿಯ ಬಣ್ಣ ಕೆರೆದು ಮತ್ತೆ ಬಿಗಿದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು, ಮುಖ್ಯವಾದದ್ದು: ತಿರುಗುವಾಗ ಹೊಗೆ ಬರುತ್ತಿದೆಯೇ?

ಸ್ಟಾರ್ಟರ್ ಚೆನ್ನಾಗಿ ತಿರುಗಿಸುತ್ತಿದ್ದರೂ ಸೈಲೆನ್ಸರ್‌ನಿಂದ ಹೊಗೆಯ ಎಳೆಯೂ ಬಾರದಿದ್ದರೆ ಡೀಸೆಲ್ ಸಿಲಿಂಡರ್ ತಲುಪಿಲ್ಲ. ನಾಝಲ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಮೂತಿ), ರಿಂಗ್ (ಪಿಸ್ಟನ್ ಸುತ್ತಿನ ಬಳೆ), ವಾಲ್ವ್ ಎಂದು ತಲೆ ಕೆಡಿಸಿಕೊಳ್ಳುವ ಹಂತ ಇದಲ್ಲ. ಎಂಜಿನ್ ಆರಿಸುವ ಸ್ಟಾಪ್ ನಾಬ್ ಎಳೆದ ಸ್ಥಿತಿಯಲ್ಲೇ ಉಳಿದಿದೆಯೇ ಎಂದು ಮೊದಲು ನೋಡಿ. ನಗಬೇಡಿ, ಅದರ ಕೇಬಲ್ ತುಕ್ಕು ಹಿಡಿದರೆ ನಾಬ್ ಒಳಗೆ ಹೋದರೂ ಡೀಸೆಲ್ ಪಂಪಿನ ಮೇಲಿನ ಲಿವರ್ ಹಿಂದಕ್ಕೆ ಬರುವುದಿಲ್ಲ. ಕಣ್ಣಿನಿಂದ ಲಿವರನ್ನೇ ನೋಡಬೇಕು. ಆಮೇಲೆ ಟ್ಯಾಂಕಿನ ಕಾಕ್, ಫಿಲ್ಟರ್, ಕೊನೆಗೆ ಲೈನಿನಲ್ಲಿ ಸೇರಿರುವ ಗಾಳಿ.

ಗಾಳಿ ತೆಗೆಯುವುದನ್ನು ಆತುರದಲ್ಲಿ ಮಾಡುವವರೇ ಹೆಚ್ಚು. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಕರಗಿ ನಾಝಲ್ ತೆರೆಯುವುದೇ ಇಲ್ಲ. ಆದ್ದರಿಂದ ಟ್ಯಾಂಕಿನ ಕಡೆಯಿಂದ ಎಂಜಿನ್ ಕಡೆಗೆ ಬರಬೇಕು. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ಮೊದಲು ನೊರೆ ಉಕ್ಕುತ್ತದೆ, ನಂತರ ಬಿಟ್ಟು ಬಿಟ್ಟು ಗುಳ್ಳೆ, ಕೊನೆಗೆ ಗಾಜಿನ ಕಡ್ಡಿಯಂತೆ ತಡೆಯಿಲ್ಲದ ಧಾರೆ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು, ಪಂಪ್ ನಿಲ್ಲಿಸಿ ಬಿಗಿದರೆ ಗಾಳಿ ಮತ್ತೆ ಒಳಸೇರುತ್ತದೆ. ಡೀಸೆಲ್ ಪಂಪಿನ ಸ್ಕ್ರೂಗೂ ಇದೇ ಕ್ರಮ. ಬಳಿಕ ನಾಝಲ್ ಪೈಪುಗಳ ನಟ್ ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಎಂಜಿನ್ ತಿರುಗಿಸಿ, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಯಿರಿ. ಸೋರುವ ಜಾಗವನ್ನು ಬೆರಳಿನಿಂದ ತಡಕಬೇಡಿ. ನೂರಾರು ಬಾರ್ ಒತ್ತಡದ ಡೀಸೆಲ್ ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ, ಅದಕ್ಕೆ ಆಸ್ಪತ್ರೆಯೇ ಗತಿ. ರಟ್ಟಿನ ತುಂಡು ಹಿಡಿದು ನೋಡಿ.

ಗಾಳಿ ತೆಗೆದ ಮಾರನೆಯ ದಿನವೇ ಮತ್ತೆ ಅದೇ ತೊಂದರೆಯಾದರೆ ಗಾಳಿ ಒಳಬರುವ ಕಂಡಿ ಹುಡುಕಬೇಕು: ತಾಮ್ರದ ವಾಷರ್, ಬಿರುಕುಬಿಟ್ಟ ರಬ್ಬರ್ ಪೈಪ್, ಫಿಲ್ಟರ್ ಬೌಲಿನ ಸೀಲ್. ಡೀಸೆಲ್ ಹೊರಗೆ ಸೋರದಿದ್ದರೂ ಗಾಳಿ ಒಳಗೆ ಎಳೆದುಕೊಳ್ಳಬಹುದು, ಇದು ನೆನಪಿರಲಿ.

ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ. ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವ ಮುನ್ನ ಒಳಗೆ ಕಾಯಿಸುವ ಪ್ಲಗ್) ಇರುವ ಎಂಜಿನ್ ಆದರೆ ಅದನ್ನೇ ಮೊದಲು ಹಿಡಿಯಿರಿ. ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿನ ಮೂಲಕ ಪ್ಲಗ್ ತುದಿಗೆ ವಯರ್ ಮುಟ್ಟಿಸಿ. ಬಲ್ಬ್ ಉರಿಯದಿದ್ದರೆ ಆ ಪ್ಲಗ್ ಸುಟ್ಟಿದೆ. ಗ್ಲೋ ಪ್ಲಗ್ ಕೆಟ್ಟಿದೆಯೆಂದು ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವ ಚಾಳಿ ಹಳ್ಳಿಗಳಲ್ಲಿದೆ. ಕಾದ ಗ್ಲೋ ಪ್ಲಗ್ ಮೇಲೆ ಆ ಆವಿ ಬಿದ್ದರೆ ಪಿಸ್ಟನ್ ಒಡೆಯಬಹುದು. ಪ್ಲಗ್ ಸರಿಯಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿ ಒತ್ತುವ ಬಲ) ಮತ್ತು ಟೈಮಿಂಗ್ (ಡೀಸೆಲ್ ಚಿಮ್ಮುವ ಗಳಿಗೆ) ನೋಡಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಸುತ್ತುತ್ತಾ, ರೇಡಿಯೇಟರ್ ನೀರು ಕಡಿಮೆಯಾಗುತ್ತಾ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲ್) ಅನುಮಾನಿಸಿ. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ, ಎಂಜಿನ್ ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

ಕಪ್ಪು ಹೊಗೆ ಎಂದರೆ ಗಾಳಿ ಸಾಲದು, ಅಥವಾ ಡೀಸೆಲ್ ಹೆಚ್ಚು. ಎರೆ ಭೂಮಿಯ ಧೂಳಿನಲ್ಲಿ ದುಡಿದ ಬಂಡಿಗೆ ಮೊದಲ ಊಹೆ ಏರ್ ಕ್ಲೀನರ್. ಹಳೆಯವುಗಳಲ್ಲಿ ಆಯಿಲ್ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಅದನ್ನು ಬಿಚ್ಚಿದರೆ ತಳದಲ್ಲಿ ಬೆರಳಿಗೆ ಗಟ್ಟಿಯಾಗಿ ತಗಲುವ ಕರಿ ಕೆಸರು ಸಿಗುತ್ತದೆ. ತೊಳೆದು, ಗೆರೆಯವರೆಗೆ ಮಾತ್ರ ಹೊಸ ಆಯಿಲ್ ಹಾಕಿ. ಗೆರೆ ದಾಟಿದರೆ ಎಂಜಿನ್ ಆ ಆಯಿಲನ್ನೇ ಹೀರಿ ನೀಲಿ ಹೊಗೆ ಉಗುಳುತ್ತದೆ, ಮಾಲೀಕ ರಿಂಗ್ ಹೋಯಿತೆಂದು ಎಂಜಿನ್ ಬಿಚ್ಚಿಸಲು ಹೊರಡುತ್ತಾನೆ. ಹೀರಿದ್ದು ಹೆಚ್ಚಾದರೆ ಡೀಸೆಲ್ ನಿಲ್ಲಿಸಿದರೂ ಎಂಜಿನ್ ಆ ಆಯಿಲಿನಲ್ಲೇ ಹುಚ್ಚೆದ್ದು ಓಡಬಹುದು. ಆಗ ಗಾಳಿಯ ದಾರಿಯನ್ನು ಹಲಗೆಯಿಂದ ಮುಚ್ಚಬೇಕು, ಕೈಯಿಂದಲ್ಲ. ನಿಜವಾಗಿ ರಿಂಗ್ ಸವೆದಿದ್ದರೆ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಎಂದು ಹೊರಬರುತ್ತದೆ. ಬ್ಯಾಕ್ ಕಂಪ್ರೆಷನ್ ಎಂದು ಮೆಕ್ಯಾನಿಕ್‌ಗಳು ಕರೆಯುವುದು ಇದನ್ನೇ.

ಬಿಸಿಯಾಗುವ ತೊಂದರೆ

ಔಷಧಿ ಹೊಡೆಯುವ ಬ್ಲೋವರ್ ಪಿಟಿಒ (ಎಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಶಾಫ್ಟ್) ಮೇಲೆ ತಾಸುಗಟ್ಟಲೆ ಓಡುತ್ತದೆ, ಬಂಡಿಯ ವೇಗ ಮಾತ್ರ ನಡಿಗೆಯಷ್ಟು. ಗಂಧಕದ ಪುಡಿ, ಔಷಧಿಯ ತುಂತುರು, ಧೂಳು ಸೇರಿ ರೇಡಿಯೇಟರ್ ರೆಕ್ಕೆಗಳ ನಡುವೆ ಲೇಪ ಕಟ್ಟುತ್ತದೆ. ಫ್ಯಾನ್ ಕಡೆಯಿಂದ ಮುಂಭಾಗಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಧಾರೆಗೆ ರೆಕ್ಕೆ ಮಡಚಿಕೊಳ್ಳುತ್ತವೆ. ಒಳಗಿನ ಶತ್ರು ಬೋರ್‌ವೆಲ್‌ನ ಗಡಸು ನೀರು. ಮನೆಯ ಹಂಡೆಯಲ್ಲಿ ಕಟ್ಟುವ ಸುಣ್ಣವೇ ಎಂಜಿನ್ ಬ್ಲಾಕಿನಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟ್ ದುಬಾರಿ ಅನ್ನಿಸಿದರೆ ಹೆಡ್ ಕೆಲಸದ ಬಿಲ್ಲನ್ನು ಒಮ್ಮೆ ಕೇಳಿ ನೋಡಿ. ಫ್ಯಾನ್ ಬೆಲ್ಟ್ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 15 ಮಿಲಿಮೀಟರ್ ತಗ್ಗಬೇಕು.

ಬಿಡಿಭಾಗ

ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಅಂಥ ಬಂಡಿಗಳಿಗೆ ಬುಶ್, ಪಿನ್, ಶಾಫ್ಟ್ ಬೇಕಾದರೆ ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆ ಲೇತ್ ಮೇಲೆ ಮಾಡಿಸಬಹುದು. ಹಳೆಯ ತುಂಡನ್ನು ಎಸೆಯದೆ ಅಳತೆಗೆ ಒಯ್ಯಿರಿ. ಆದರೆ ಡೀಸೆಲ್ ಪಂಪಿನ ಪ್ಲಂಜರ್ (ಡೀಸೆಲ್ ಒತ್ತುವ ದಂಡ), ನಾಝಲ್ ಸೂಜಿ ಲೇತ್ ಕೆಲಸವಲ್ಲ. ಅವುಗಳ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಅವನ್ನು ಹೊಸದಾಗಿಯೇ ಕೊಂಡು, ಪಂಪನ್ನು ಟೆಸ್ಟ್ ಬೆಂಚ್ ಮೇಲೆ ಹೊಂದಿಸಬೇಕು.

ಬಂಡಿಯನ್ನು ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗದ ತೇವ ನೀರಾಗಿ ಡೀಸೆಲ್‌ನ ತಳ ಸೇರುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿ. ಕ್ಲಚ್ ಪೆಡಲ್ ಕೆಳಕ್ಕೆ ಒತ್ತಿ ಕಟ್ಟಿಗೆಯ ತುಂಡು ಆನಿಸಿ, ಇಲ್ಲದಿದ್ದರೆ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲ್‌ಗೆ ಅಂಟಿಕೊಳ್ಳುತ್ತದೆ, ಗೇರ್ ಹಾಕಲು ಹೋದರೆ ಗರಗರ ಎನ್ನುತ್ತದೆ.