ಮುಖ ಬ್ಲರ್ ಮಾಡಿದರೆ ಸಾಕೇ?

ಪ್ರಶ್ನೆ: ಮೊಬೈಲ್ ಅಂಗಡಿಯಲ್ಲಿ ಕಳವು ಮಾಡಿದ ಹುಡುಗ, ಅಂಗಡಿ ಮಾಲೀಕರು ಎದುರುಬದುರು ಕೂತು ಮಾತಾಡಿ ನಷ್ಟ ತುಂಬಿಕೊಟ್ಟ ಬಗೆಯನ್ನು ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ತಿಪಟೂರಿನ ಕಡೆಯ ಪ್ರಕರಣ. ಹುಡುಗನ ತಂದೆತಾಯಿ ಒಪ್ಪಿದ್ದಾರೆ. ಮುಖ ಬ್ಲರ್ ಮಾಡಿದರೆ ಸಾಕಲ್ಲವೇ?

ಉತ್ತರ: ಸಾಲದು. ತಂದೆತಾಯಿಯ ಒಪ್ಪಿಗೆಯೂ ಇಲ್ಲಿ ನಡೆಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಮಾತ್ರವಲ್ಲ, ಗುರುತು ಸಿಗುವಂಥ ಯಾವ ವಿವರವೂ ಯಾವ ಮಾಧ್ಯಮದಲ್ಲೂ ಬರಕೂಡದು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿನಾಯಿತಿ ಕೊಡಬಲ್ಲದ್ದು ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿ. ಅದೂ ಮಗುವಿನ ಹಿತಕ್ಕೆ ಬೇಕೆನಿಸಿದರೆ, ಕಾರಣ ಬರೆದಿಟ್ಟು. ನಿಮ್ಮ ಚಿತ್ರ ಚೆನ್ನಾಗಿ ಬರುತ್ತದೆ ಅನ್ನುವುದು ಮಗುವಿನ ಹಿತ ಆಗುವುದಿಲ್ಲ. ಹುಡುಗನಿಗೆ ಈಗ 18 ತುಂಬಿದ್ದರೂ ಹಳೆಯದನ್ನು ಕೆದಕಬೇಡಿ. ಹೊಸದಾಗಿ ಬದುಕು ಶುರುಮಾಡುವ ಅವಕಾಶವೂ ಅದೇ ಕಾಯ್ದೆಯ ತತ್ವ.

ಎಲ್ಲರೂ ಎಡವುವುದು ಮಾಲೀಕರ ವಿಷಯದಲ್ಲಿ. ಅವರು ದೊಡ್ಡವರು, ಮುಖ ತೋರಿಸಲು ಅಂಜಿಕೆಯಿಲ್ಲ, "ನಂದೇನ್ ತಪ್ಪಿದೆ, ಧಾರಾಳವಾಗಿ ತೋರ್ಸಿ" ಅನ್ನುತ್ತಾರೆ. ಆದರೆ ತಾಲ್ಲೂಕು ಪೇಟೆಯಲ್ಲಿ ಯಾರ ಅಂಗಡಿಯ ಬೀಗ ಒಡೆದಿತ್ತು, ಯಾರ ಮನೆ ಹುಡುಗ ಸಿಕ್ಕಿಬಿದ್ದಿದ್ದ ಎಂಬುದು ಸಂತೆಗೆಲ್ಲ ಗೊತ್ತು. ಮಾಲೀಕರ ಮುಖ ಕಂಡ ಕ್ಷಣ ಹುಡುಗನ ಹೆಸರು ಹೊರಬಿದ್ದಂತೆಯೇ. ಹಾಗಾಗಿ ಇಬ್ಬರನ್ನೂ ಮರೆಮಾಡಬೇಕು. ಇದನ್ನು ಮಾಲೀಕರಿಗೆ ಶೂಟಿಂಗ್‌ಗೆ ಮುಂಚೆಯೇ ಬಿಡಿಸಿ ಹೇಳಿ. ಆಮೇಲೆ ಕತ್ತರಿಸಿದರೆ ತಮ್ಮ ಮಾತಿಗೆ ಬೆಲೆಯಿಲ್ಲ ಎಂದುಕೊಳ್ಳುತ್ತಾರೆ, ಅದು ನ್ಯಾಯವೂ ಹೌದು.

ಬ್ಲರ್ ಕೈಕೊಡುವುದು ತಲೆ ತಿರುಗಿಸಿದಾಗ. ಮುಖವನ್ನು ಹಿಂಬಾಲಿಸುವ ಬ್ಲರ್ (ಟ್ರ್ಯಾಕಿಂಗ್) ಎರಡು ಮೂರು ಫ್ರೇಮ್ ಹಿಂದೆ ಬಿದ್ದರೂ ಸಾಕು, ವಿಡಿಯೊ ನಿಲ್ಲಿಸಿ ನೋಡುವವನಿಗೆ ಮುಖ ಸಿಗುತ್ತದೆ. ಎಡಿಟಿಂಗ್‌ನಲ್ಲಿ ಮುಚ್ಚುವುದಕ್ಕಿಂತ ಕ್ಯಾಮೆರಾಕ್ಕೇ ಮುಖ ಬೀಳದಂತೆ ನೋಡಿಕೊಳ್ಳಿ. ಬೆನ್ನ ಹಿಂದೆ ಕಿಟಕಿ ಬರುವಂತೆ ಕೂರಿಸಿ, ಟ್ಯೂಬ್‌ಲೈಟ್ ಆರಿಸಿ, ಎಕ್ಸ್‌ಪೋಷರನ್ನು ಕಿಟಕಿಯ ಬೆಳಕಿಗೆ ಹೊಂದಿಸಿ. ಎದುರಿನ ಸುಣ್ಣದ ಗೋಡೆಯಿಂದ ಬೆಳಕು ಮುಖಕ್ಕೆ ವಾಪಸ್ ಬೀಳುತ್ತದೆ, ಅದಕ್ಕೆ ಕಪ್ಪು ಬಟ್ಟೆ ಕಟ್ಟಿ. ಕತ್ತಲೆ, ಬೆಳಕಿನ ವಿವರಗಳನ್ನೆಲ್ಲ ಉಳಿಸಿಕೊಳ್ಳುವ ಲಾಗ್ ಪ್ರೊಫೈಲ್ ಎಂಬ ಕ್ಯಾಮೆರಾ ಸೆಟ್ಟಿಂಗ್ ಬೇಡ. ಅದರಲ್ಲಿ ಕತ್ತಲೆಯೊಳಗಿನ ಮುಖವನ್ನೂ ಮೇಲೆತ್ತಬಹುದು. ಅಲ್ಲೇ ಒಂದು ಕ್ಲಿಪ್ಪಿನ ಕತ್ತಲೆ ಭಾಗವನ್ನು (ಶ್ಯಾಡೋ) ಪೂರ್ತಿ ಬೆಳಗಿಸಿ, ಫೋನಿನ ಬ್ರೈಟ್‌ನೆಸ್ ಕೊನೆಯವರೆಗೆ ಎಳೆದು ನೋಡಿ. ಮೂಗು, ಕಣ್ಣು ತೋರಿದರೆ ಮತ್ತೆ ತೆಗೆಯಿರಿ.

ಕಿಟಕಿಯಾಚೆ ಏನಿದೆ ಅನ್ನುವುದನ್ನೂ ಗಮನಿಸಿ. ಮಧುಗಿರಿಯ ಏಕಶಿಲಾ ಬೆಟ್ಟವೋ ಕೆಜಿಎಫ್ ಚಿನ್ನದ ಗಣಿತ್ಯಾಜ್ಯದ ಸೈನೈಡ್ ದಿಬ್ಬವೋ ಕಂಡರೆ ಊರಿನ ಹೆಸರು ಬೇರೆ ಬರೆಯಬೇಕಿಲ್ಲ. ಯೂನಿಫಾರ್ಮ್, ಬೈಕ್ ನಂಬರು, ಬಾಗಿಲ ಮೇಲಿನ ಫೋಟೊ, ಕೊನೆಗೆ "ಗ್ರಾಮಸ್ಥರಿಗೆ ಕೃತಜ್ಞತೆ" ಎಂಬ ಸಾಲು, ಎಲ್ಲವೂ ಗುರುತೇ. ಫೋನಿನಲ್ಲಿ ಚಿತ್ರೀಕರಿಸುವುದಾದರೆ ಲೊಕೇಶನ್ ಆಫ್ ಮಾಡಿ.

ಧ್ವನಿಯನ್ನು ದಪ್ಪ ಮಾಡಿದರೆ ಅದನ್ನು ಮತ್ತೆ ತೆಳುವಾಗಿಸುವುದು ಕಷ್ಟವಲ್ಲ. ಮಾತಿನ ವರಸೆಯಂತೂ ಹಾಗೇ ಉಳಿಯುತ್ತದೆ. ಮುಳಬಾಗಿಲಿನ ತೆಲುಗು ಬೆರೆತ ಕನ್ನಡ ಎರಡು ವಾಕ್ಯದಲ್ಲಿ ಪತ್ತೆಯಾಗುತ್ತದೆ. ಮಾತನ್ನು ಬರೆದುಕೊಂಡು, ಬೇರೆ ತಾಲ್ಲೂಕಿನವರಿಂದ ಓದಿಸಿ. ಎಲ್ಲಿ ತಡವರಿಸಿದ್ದಾನೆ, ಎಲ್ಲಿ ಸುಮ್ಮನಾಗಿದ್ದಾನೆ ಎಂದು ಮೂಲದಿಂದ ಗುರುತು ಹಾಕಿಕೊಡಿ, ಇಲ್ಲದಿದ್ದರೆ ಓದುವವರು ವಾರ್ತೆ ಓದಿದಂತೆ ಓದಿಬಿಡುತ್ತಾರೆ.

ಇಬ್ಬರೂ ಕೂತು ಮಾತಾಡುವಾಗ ಕ್ಯಾಮೆರಾ ಒಳಗಿರಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಲೆನ್ಸ್ ಎದುರಿಗಿದ್ದರೆ ಹುಡುಗ ಮಾಲೀಕರಿಗಲ್ಲ, ನಿಮಗೆ ಕ್ಷಮೆ ಕೇಳುತ್ತಾನೆ. ನಿರ್ದೇಶಕರಿಗೆ ಕಾಲಿಗೆ ಬೀಳುವ ಶಾಟ್ ಮೇಲೆ ಕಣ್ಣು. ಕಾಲಿಗೆ ಬೀಳಿಸುವುದು ಅರಳಿಕಟ್ಟೆ ಪಂಚಾಯ್ತಿಯ ರೀತಿ. ಈ ಬಗೆಯ ಭೇಟಿಯಲ್ಲಿ ಮಾಲೀಕರು ತಮಗಾದ ನಷ್ಟ, ಭಯ ಹೇಳಬೇಕು, ಹುಡುಗ ಅದನ್ನು ಕೇಳಿ ಸರಿಪಡಿಸುವ ದಾರಿ ತಾನೇ ಹೇಳಬೇಕು. ಭೇಟಿ ಮುಗಿದ ಮೇಲೆ ಒಬ್ಬೊಬ್ಬರನ್ನೇ, ಬೇರೆ ಬೇರೆ ದಿನ, ಬರೀ ಆಡಿಯೊದಲ್ಲಿ ಮಾತಾಡಿಸಿ; ಮೇಲೆ ಹೇಳಿದ ಕಿಟಕಿಯ ದೃಶ್ಯ ಬೇಕಿದ್ದರೆ ಬೇರೆಯಾಗಿ ತೆಗೆಯಿರಿ. ಮೊದಲು ಮಾಲೀಕರನ್ನು; ತಡವಾದರೆ ಚಿತ್ರ ತಾನಾಗಿ ಹುಡುಗನ ಕಡೆಗೆ ವಾಲುತ್ತದೆ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪ್ರಕರಣಗಳ ತಂಟೆಗೇ ಹೋಗಬೇಡಿ.

ದೃಶ್ಯ ಮರುಸೃಷ್ಟಿಗೆ 18 ದಾಟಿದ, ಚಿಕ್ಕವನಂತೆ ಕಾಣುವ ನಟನನ್ನು ಆರಿಸಿ. ಬಾಲ ಕಲಾವಿದನಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು, ದಿನಕ್ಕೆ 5 ಗಂಟೆ ಮೀರುವಂತಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಅವನ ಮೂವತ್ತು ಸೆಕೆಂಡಿನ ತುಣುಕು ವಾಟ್ಸ್ಆ್ಯಪ್‌ನಲ್ಲಿ "ಇವನೇ ಕಳ್ಳ" ಎಂದು ಓಡಾಡಬಹುದು. "ಇದು ನಟನೆ" ಎಂಬ ಬರಹ ಚಿತ್ರದ ಆರಂಭದಲ್ಲಿದ್ದರೆ ಸಾಲದು, ಆ ದೃಶ್ಯ ಇರುವಷ್ಟೂ ಹೊತ್ತು ಪರದೆಯ ಮೇಲಿರಲಿ.

ಕರಡು ಪ್ರತಿಯನ್ನು ಇಬ್ಬರಿಗೂ ಬೇರೆ ಬೇರೆಯಾಗಿ ತೋರಿಸಿ, ಬೇಡವೆಂದದ್ದನ್ನು ತೆಗೆಯಿರಿ. ಮೂಲ ಫೈಲುಗಳಿಗೆ ಊರಿನ, ಹುಡುಗನ ಹೆಸರಿಡದೆ ಪಾಸ್‌ವರ್ಡ್ ಇರುವ ಒಂದೇ ಡ್ರೈವ್‌ನಲ್ಲಿ ಇಡಿ, ಯಾವಾಗ ಅಳಿಸುತ್ತೀರಿ ಎಂದು ಒಪ್ಪಿಗೆ ಪತ್ರದಲ್ಲೇ ಬರೆಯಿರಿ. ಯೂಟ್ಯೂಬ್‌ಗೆ ಹಾಕುವಾಗ ಕಾಮೆಂಟ್ ಮುಚ್ಚಿ. ನೀವು ಇಷ್ಟೆಲ್ಲ ಮುಚ್ಚಿಟ್ಟದ್ದನ್ನು "ಇದು ನಮ್ಮ ಬೀದಿ ಹುಡುಗ ಅಲ್ವಾ?" ಎಂದು ಮೊದಲ ಅರ್ಧ ಗಂಟೆಯಲ್ಲೇ ಯಾರಾದರೂ ಬರೆದುಬಿಡುತ್ತಾರೆ.