ತಾರಸಿ ಸೋರಿಕೆ: ಲೇಪನದ ಡಬ್ಬ ತೆರೆಯುವ ಮೊದಲು

ತಾರಸಿ ಸೋರಿದ ಕೂಡಲೇ ಅಂಗಡಿಯಿಂದ ವಾಟರ್‌ಪ್ರೂಫಿಂಗ್ ಡಬ್ಬ ತಂದು ಬಳಿಯುವುದು ರೂಢಿ. ಒಂದು ಮಳೆಗಾಲ ತಡೆಯುತ್ತದೆ. ಎರಡನೆಯದಕ್ಕೆ ಬೊಬ್ಬೆ ಎದ್ದು ಸಿಪ್ಪೆಯಂತೆ ಸುಲಿದು ಬರುತ್ತದೆ. ಇದರಲ್ಲಿ ಡಬ್ಬದ ತಪ್ಪು ಕಡಿಮೆ. ನೀರು ನಿಲ್ಲುವ ತಗ್ಗು ಮತ್ತು ಎರಡು ವಸ್ತುಗಳು ಕೂಡುವ ಸಂದು, ಇವೆರಡನ್ನು ಸರಿಮಾಡದೆ ಬಳಿದ ಲೇಪನ ಬಾಳುವುದಿಲ್ಲ. ಈ ಟಿಪ್ಪಣಿ ಆರ್‌ಸಿಸಿ ಮನೆಯ ಚಪ್ಪಟೆ ತಾರಸಿಯ ಬಗ್ಗೆ ಮಾತ್ರ. ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯದು), ಕಲ್ಲುಚಪ್ಪಡಿ, ಹೆಂಚಿನ ಮಾಡು ಇವುಗಳ ಲೆಕ್ಕವೇ ಬೇರೆ.

ಮೊದಲು ಪತ್ತೆ ಕೆಲಸ

ಸೀಲಿಂಗಿನಲ್ಲಿ ಕಲೆ ಕಂಡ ಜಾಗದ ನೇರ ಮೇಲೆಯೇ ತೂತಿರುತ್ತದೆ ಎಂದುಕೊಳ್ಳಬೇಡಿ. ಸ್ಲ್ಯಾಬಿಗೂ ಅದರ ಮೇಲಿನ ಗಾರೆ ಪದರಕ್ಕೂ ನಡುವೆ ಸೇರಿದ ನೀರು ಹಲವು ಅಡಿ ಅಡ್ಡ ಹರಿದು, ಸ್ಲ್ಯಾಬ್ ಎಲ್ಲಿ ಬಿರುಕು ಬಿಟ್ಟಿದೆಯೋ ಅಲ್ಲಿ ಇಳಿಯುತ್ತದೆ. ಫ್ಯಾನ್ ಬಾಕ್ಸಿನಿಂದ ತೊಟ್ಟಿಕ್ಕಿದರೆ ನೀರು ಸ್ಲ್ಯಾಬಿನೊಳಗಿನ ವೈರಿಂಗ್ ಪೈಪು ಹಿಡಿದು ಬಂದಿದೆ ಎಂದರ್ಥ. ಆಗ ಮೊದಲ ಕೆಲಸ ಆ ಕೋಣೆಯ ಎಂಸಿಬಿ (ವಿದ್ಯುತ್ ಕಡಿಯುವ ಸ್ವಿಚ್ಚು) ಇಳಿಸುವುದು.

ಮಳೆ ಇಲ್ಲದ ಮಾರ್ಚಿನಲ್ಲೂ ಕಲೆ ಒದ್ದೆಯಾಗಿದ್ದರೆ ಅದು ಮಳೆನೀರಲ್ಲ. ಟ್ಯಾಂಕಿನ ಓವರ್‌ಫ್ಲೋ, ಸೋಲಾರ್ ಹೀಟರಿನ ಪೈಪು ಜೋಡಣೆ, ಮೇಲಿನ ಬಚ್ಚಲು ಇವನ್ನು ನೋಡಿ. ಮಳೆ ಬಂದಾಗ ಮಾತ್ರ ಒದ್ದೆಯಾದರೆ, ಅದೂ ಗೋಡೆ ಮತ್ತು ಸೀಲಿಂಗ್ ಸೇರುವ ಮೂಲೆಯುದ್ದಕ್ಕೂ ಕಂಡರೆ, ಪ್ಯಾರಾಪೆಟ್ ಗೋಡೆಯ (ತಾರಸಿಯಂಚಿನ ಗಿಡ್ಡ ಗೋಡೆಯ) ಬುಡವನ್ನೇ ಮೊದಲು ಅನುಮಾನಿಸಬೇಕು.

ಖಚಿತವಾಗಬೇಕಾದರೆ ನೀರು ಕಟ್ಟಿ ನೋಡಿ. ಮಳೆಪೈಪಿನ ಬಾಯಿಗೆ ಬಟ್ಟೆ ತುರುಕಿ, ಜೇಡಿಮಣ್ಣಿನ ಕಟ್ಟೆ ಹಾಕಿ ತಾರಸಿಯನ್ನು ಎರಡು ಮೂರು ಭಾಗ ಮಾಡಿ. ಒಂದು ಬಾರಿಗೆ ಒಂದು ಭಾಗಕ್ಕೆ ಮಾತ್ರ 1 ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಇಡೀ ತಾರಸಿಗೆ ಒಮ್ಮೆಲೇ ಕಟ್ಟಿದರೆ ಸೋರುವುದು ಗೊತ್ತಾಗುತ್ತದೆಯೇ ಹೊರತು ಎಲ್ಲಿ ಎಂಬುದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಅಗಲ ಬಾಯಿಯ ಬಾಂಡ್ಲಿಯಲ್ಲಿ ಅಷ್ಟೇ ಆಳ ನೀರಿಟ್ಟಿರಿ. ಬಿಸಿಲಿಗೆ ಆರಿದ್ದೆಷ್ಟು ಎಂದು ಅದು ತೋರಿಸುತ್ತದೆ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಉಳಿದದ್ದು ಒಳಗೆ ಹೋಗಿದೆ. 1 ಇಂಚು ನೀರು ಎಂದರೆ ಚದರ ಮೀಟರಿಗೆ 25 ಕೆ.ಜಿ. ಚೆನ್ನಾಗಿರಲಿ ಎಂದು ಅರ್ಧ ಅಡಿ ಕಟ್ಟುವವರಿದ್ದಾರೆ, ಅದು 150 ಕೆ.ಜಿ.; ಓಡಾಡುವ ತಾರಸಿಗೆ ವಿನ್ಯಾಸದಲ್ಲಿ ಸಾಮಾನ್ಯವಾಗಿ ಹಿಡಿಯುವ ಭಾರವೇ ಅಷ್ಟು. ಬೇಡ.

ಸೀಲಿಂಗಿನ ಗಾರೆ ಉದುರಿ ಕಂಬಿ ತುಕ್ಕು ಹಿಡಿದು ಕಾಣುತ್ತಿದ್ದರೆ ಈ ಪರೀಕ್ಷೆಯನ್ನೇ ಮಾಡಬೇಡಿ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಅಂಥ ಸ್ಲ್ಯಾಬು ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕಾದದ್ದು, ಮನೆಯವರು ಕರಣೆ ಹಿಡಿಯಬೇಕಾದದ್ದಲ್ಲ.

ಬಿರುಕು: ಸತ್ತದ್ದೋ, ಜೀವಂತವೋ

ಕಾಂಕ್ರೀಟು ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. 10 ಮೀಟರ್ ಉದ್ದದ ಸ್ಲ್ಯಾಬು 30 ಡಿಗ್ರಿ ಏರಿಳಿತಕ್ಕೆ ಸುಮಾರು 3 ಮಿ.ಮೀ. ಸರಿಯುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ತಾರಸಿಯ ಮೇಲ್ಮೈಯಲ್ಲಿ ಅಷ್ಟು ವ್ಯತ್ಯಾಸ ಅಪರೂಪವಲ್ಲ. ಮೇಲೆ ಕೂತ ಇಟ್ಟಿಗೆ ಪ್ಯಾರಾಪೆಟ್ ಅಷ್ಟೇ ಪ್ರಮಾಣದಲ್ಲಿ ಸರಿಯುವುದಿಲ್ಲ, ಹಾಗಾಗಿ ಬುಡದ ಸಂದು ಬಾಯಿ ಬಿಡುತ್ತದೆ. ಅಲ್ಲಿಗೆ ಸಿಮೆಂಟು ಮೆತ್ತಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿರಿಯುತ್ತದೆ.

ಪರೀಕ್ಷೆ ಸುಲಭ. ಬಿರುಕಿನ ಅಡ್ಡಕ್ಕೆ ತೆಳುವಾಗಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಿಲ್ಲೆ ಮೆತ್ತಿ, ತಾರೀಕು ಬರೆದು, ಎರಡು ಮೂರು ವಾರ ಬಿಡಿ. ಮಳೆ ಇಲ್ಲದ ದಿನಗಳಲ್ಲಿ ಮಾಡಬೇಕು, ನೆನೆದರೆ ಪಿಒಪಿ ಕರಗುತ್ತದೆ. ಬಿಲ್ಲೆ ಸೀಳಿದರೆ ಬಿರುಕು ಜೀವಂತ, ಅಂದರೆ ಇನ್ನೂ ಸರಿಯುತ್ತಿದೆ. ಸೀಳದಿದ್ದರೆ ಸತ್ತದ್ದು.

ಎರಡಕ್ಕೂ ತಯಾರಿ ಒಂದೇ: ಚಾಣ ಅಥವಾ ಕಟ್ಟರ್‌ನಿಂದ 10 ಮಿ.ಮೀ. ಅಗಲ, 10 ಮಿ.ಮೀ. ಆಳ ಬಿಡಿಸಿ ಧೂಳು ಊದಿ ತೆಗೆಯಬೇಕು. ಸತ್ತ ಬಿರುಕಿಗೆ ಪಾಲಿಮರ್ ಗಾರೆ ಸಾಕು. ಜೀವಂತ ಬಿರುಕಿಗೆ ಹಿಗ್ಗುವ ಪಿಯು (ಪಾಲಿಯುರೆಥೇನ್) ಸೀಲಂಟ್ ಬೇಕು. ಪಿಯು ಹಾಕುವಾಗ ಕಾಲುವೆಯ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಟೇಪು ಅಂಟಿಸಿ. ಸೀಲಂಟ್ ಎರಡು ಬದಿಗೆ ಮಾತ್ರ ಹಿಡಿದುಕೊಳ್ಳಬೇಕು. ತಳಕ್ಕೂ ಅಂಟಿದರೆ ಹಿಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು.

ವಾಟ ಮತ್ತು ಅದರ ಭಾರ

ತಾರಸಿಗೆ ವಾಟ (ನೀರು ಹರಿಯಲು ಗಾರೆಯಲ್ಲಿ ಕೊಡುವ ಇಳಿಜಾರು) 100ಕ್ಕೆ 1 ಇರಲಿ. ಅಂದರೆ 10 ಅಡಿಗೆ 1.2 ಇಂಚು ಇಳಿಜಾರು. ಪೈಪಿನ ಬಾಯಿಯ ಬಳಿ ಗಾರೆ ಕನಿಷ್ಠ ಮುಕ್ಕಾಲು ಇಂಚಾದರೂ ಇರಬೇಕು.

ಈಗ ಲೆಕ್ಕ ಮಾಡಿ. ಒಂದೇ ಪೈಪಿದ್ದು ದೂರದ ಗೋಡೆ 20 ಅಡಿ ಆಚೆಗಿದ್ದರೆ, ಆ ತುದಿಯಲ್ಲಿ ಗಾರೆ 3 ಇಂಚು ದಾಟುತ್ತದೆ. ಸರಾಸರಿ 2 ಇಂಚು, ಚದರ ಮೀಟರಿಗೆ ಸುಮಾರು 105 ಕೆ.ಜಿ. ಎದುರು ಗೋಡೆಯಲ್ಲಿ ಇನ್ನೊಂದು ಪೈಪು ಕೊಟ್ಟು ನಡುವೆ ಏಣು ಮಾಡಿದರೆ ಸರಾಸರಿ 1.4 ಇಂಚಿಗೆ, ಭಾರ ಸುಮಾರು 75 ಕೆ.ಜಿ.ಗೆ ಇಳಿಯುತ್ತದೆ. ಒಂದು ಪೈಪಿನ ಖರ್ಚಿನಲ್ಲಿ ಸಿಮೆಂಟೂ ಉಳಿಯಿತು, ಸ್ಲ್ಯಾಬಿನ ಹೊರೆಯೂ ಇಳಿಯಿತು. ಗಂಟೆಗೆ 100 ಮಿ.ಮೀ. ಸುರಿಯುವ ಮಳೆಗೆ 4 ಇಂಚಿನ ಪೈಪು ಸುಮಾರು 40 ಚದರ ಮೀಟರ್ ತಾರಸಿಯ ನೀರನ್ನಷ್ಟೇ ಒಯ್ಯಬಲ್ಲದು ಎಂಬುದನ್ನೂ ಸೇರಿಸಿ ನೋಡಿದರೆ, ಅದಕ್ಕಿಂತ ದೊಡ್ಡ ತಾರಸಿಗೆ ಎರಡನೇ ಪೈಪು ಹೇಗೂ ಬೇಕು.

ಹಳೆಯ ಗಾರೆ ಪದರದ ಮೇಲೆಯೇ ಹೊಸದನ್ನು ಹಾಕುವ ಆಸೆ ಬೇಡ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದಲ್ಲೆಲ್ಲ ಅದು ಸ್ಲ್ಯಾಬಿನಿಂದ ಬಿಟ್ಟಿದೆ, ಕಿತ್ತು ಹಾಕಬೇಕು. ಕೀಳಲು ಕೈ ಸುತ್ತಿಗೆ, ಚಾಣ ಸಾಕು. ಬ್ರೇಕರ್ ಮೆಷಿನ್ ಹಿಡಿದರೆ 5 ಇಂಚಿನ ಸ್ಲ್ಯಾಬಿಗೇ ಹೊಸ ಬಿರುಕು ಬರುವ ಭಯವಿದೆ.

ಮಟ್ಟ ಹಿಡಿಯಲು ನೀರು ತುಂಬಿದ ಪಾರದರ್ಶಕ ಪೈಪೇ ಒಳ್ಳೆಯದು. ಉದ್ದ ದೂರಕ್ಕೆ ರಸಮಟ್ಟ ಮೋಸ ಮಾಡುತ್ತದೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದಿಲ್ಲ ಎಂದು ನೋಡಿಕೊಂಡು, ಸುತ್ತ ಗೋಡೆಗೆ ಒಂದೇ ಮಟ್ಟದ ಗೆರೆ ಎಳೆಯಿರಿ. ಅಲ್ಲಿಂದ ಕೆಳಗೆ ಅಳೆದು 5 ಅಡಿಗೊಂದು ಗಾರೆಯ ಗುರುತು ಬಿಲ್ಲೆ ಕೂರಿಸಿ, ದಾರ ಕಟ್ಟಿ.

ಗಾರೆ 1:4 (ಸಿಮೆಂಟು 1, ಮರಳು 4). ನೂರು ಚದರ ಅಡಿಗೆ ಸರಾಸರಿ ಒಂದೂವರೆ ಇಂಚಾದರೆ ಸುಮಾರು 2¾ ಚೀಲ ಸಿಮೆಂಟು, 13ರಿಂದ 14 ಘನ ಅಡಿ ಎಂ-ಸ್ಯಾಂಡ್. ಒಂದೂವರೆ ಇಂಚು ಮೀರಿದ ಕಡೆ ಸಣ್ಣ ಜಲ್ಲಿ ಸೇರಿಸಿ 1:2:4 ಮಾಡಿ. ಬರೀ ಗಾರೆ ದಪ್ಪವಾದಷ್ಟೂ ಕುಗ್ಗಿ ಬಿರಿಯುತ್ತದೆ. ವಾಟರ್‌ಪ್ರೂಫಿಂಗ್ ದ್ರಾವಣ ಸಾಮಾನ್ಯವಾಗಿ ಚೀಲಕ್ಕೆ 200 ಮಿ.ಲೀ., ಆದರೂ ಡಬ್ಬದ ಮೇಲಿರುವುದೇ ಅಂತಿಮ. ಹೆಚ್ಚು ಸುರಿದರೆ ಗಾರೆ ಗಟ್ಟಿಯಾಗುವುದಿಲ್ಲ, ದುರ್ಬಲವಾಗುತ್ತದೆ.

ಹಾಕುವ ಹಿಂದಿನ ದಿನ ಸ್ಲ್ಯಾಬ್ ನೆನೆಸಿ, ನಿಂತ ನೀರು ಗುಡಿಸಿ, ಎಸ್‌ಬಿಆರ್ ಲೇಟೆಕ್ಸ್ (ಗಾರೆ ಹಿಡಿಯಲು ಬಳಸುವ ರಬ್ಬರ್ ಹಾಲು) 1, ನೀರು 1, ಸಿಮೆಂಟು 3 ತೂಕದಲ್ಲಿ ಕಲೆಸಿದ ಸ್ಲರಿಯನ್ನು ಬ್ರಷ್‌ನಿಂದ ತಿಕ್ಕಿ. ಅದು ಜಿಗುಟಾಗಿರುವಾಗಲೇ ಗಾರೆ ಬೀಳಬೇಕು. ಆರಿದ ಸ್ಲರಿಯ ಮೇಲೆ ಹಾಕಿದರೆ ಅಂಟಾಗುವ ಬದಲು ಬೇರ್ಪಡಿಸುವ ಪೊರೆಯಾಗುತ್ತದೆ. ಆದ್ದರಿಂದ ಒಮ್ಮೆಗೆ ನಾಲ್ಕೈದು ಅಡಿಯಷ್ಟೇ ಬಳಿಯಿರಿ. ಸಂಜೆ ಒದ್ದೆ ಗೋಣಿಚೀಲ ಹೊದಿಸಿ, ಏಳು ದಿನ ಒಣಗಲು ಬಿಡಬೇಡಿ.

ಗೋಡೆಯ ಬುಡ, ಪೈಪಿನ ಬಾಯಿ

ಪ್ಯಾರಾಪೆಟ್ ಬುಡದ ಹಳೆ ಪ್ಲಾಸ್ಟರನ್ನು ಅರ್ಧ ಅಡಿ ಎತ್ತರಕ್ಕೆ ಕಿತ್ತು, ಸಂದನ್ನು ಮೇಲೆ ಹೇಳಿದಂತೆ ತುಂಬಿ, 1:3 ಗಾರೆಯಲ್ಲಿ 3 ಇಂಚಿನ ಗೋಲಾ (ಮೂಲೆಗೆ ಓರೆಯಾಗಿ ತುಂಬುವ ಗಾರೆ) ಕಟ್ಟಿ. ಚೂಪು ಮೂಲೆಯಲ್ಲಿ ಲೇಪನ ತೆಳುವಾಗಿ ಸೀಳುತ್ತದೆ. ಓರೆಯಾದರೆ ಒಂದೇ ದಪ್ಪ ನಿಲ್ಲುತ್ತದೆ. ಪ್ಯಾರಾಪೆಟ್ ನೆತ್ತಿಯನ್ನು ಮರೆಯಬೇಡಿ. ಅಲ್ಲಿ ಬಿರುಕಿದ್ದರೆ ಮಳೆ ಇಟ್ಟಿಗೆಯೊಳಗೇ ಇಳಿದು, ನಿಮ್ಮ ಲೇಪನದ ಹಿಂದಿನಿಂದ ಕೋಣೆಗೆ ಬರುತ್ತದೆ. ನೆತ್ತಿಯ ವಾಟ ಒಳಮುಖವಾಗಿರಲಿ.

ಪಿವಿಸಿ ಪೈಪಿಗೆ ಸಿಮೆಂಟು ಹಿಡಿಯುವುದಿಲ್ಲ. ಪೈಪಿನ ಹೊರಮೈಯನ್ನು 60 ನಂಬರ್ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಪಿವಿಸಿ ಅಂಟು ಸವರಿ, ಹಸಿಯಿರುವಾಗಲೇ ಒಣ ಮರಳು ಚಿಮುಕಿಸಿ. ಒರಟಾದ ಆ ಮೈಗೆ ಗಾರೆ ಕಚ್ಚಿಕೊಳ್ಳುತ್ತದೆ. ಬಾಯಿಯ ಸುತ್ತ ಒಂದೂವರೆ ಅಡಿ ಚೌಕವನ್ನು ಉಳಿದ ಗಾರೆಗಿಂತ ಅರ್ಧ ಇಂಚು ತಗ್ಗಿಸಿ, ಪೈಪಿನಂಚಿಗೆ ಪಿಯು ಉಂಗುರ ಕೊಡಿ. ಇಷ್ಟು ತಗ್ಗಿಸಲು ಬಾಯಿಯ ಬಳಿಯ ಗಾರೆಯ ದಪ್ಪವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ಕೊನೆಗೆ ಲೇಪನ

ಇಲ್ಲೊಂದು ಗೊಂದಲ ಸಾಮಾನ್ಯ. ಪುಡಿ ಮತ್ತು ದ್ರವ ಕಲೆಸುವ ಸಿಮೆಂಟ್ ಆಧಾರಿತ ಲೇಪನಕ್ಕೆ ಮೈ ಒದ್ದೆಯಾಗಿರಬೇಕು, ನೀರು ನಿಂತಿರಬಾರದು. ಅಕ್ರಿಲಿಕ್ ಅಥವಾ ಪಿಯು ಲೇಪನಕ್ಕೆ ಪೂರ್ತಿ ಒಣಗಿರಬೇಕು. ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಅಡಿಯಲ್ಲಿ ಹನಿ ಕಂಡರೆ ಇನ್ನೂ ಕಾಯಿರಿ. ಬೊಬ್ಬೆ ಏಳುವುದು ಈ ಸಿಕ್ಕಿಬಿದ್ದ ತೇವ ಬಿಸಿಲಿಗೆ ಆವಿಯಾದಾಗ.

ಡಬ್ಬದ ಮೇಲೆ ಲೀಟರಿಗೆ ಇಷ್ಟು ಚದರ ಅಡಿ ಎಂದಿದ್ದರೆ, ತಾರಸಿಯನ್ನು ಸೀಮೆಸುಣ್ಣದಲ್ಲಿ ಅಷ್ಟಷ್ಟು ಭಾಗ ಮಾಡಿ, ಪ್ರತಿ ಭಾಗಕ್ಕೆ ಅಳೆದ ಪ್ರಮಾಣವನ್ನೇ ಮುಗಿಸಿ. ಎಳೆದು ಎಳೆದು ಬಳಿದು ಡಬ್ಬ ಉಳಿಸಿದರೆ ಡಬ್ಬದಲ್ಲಿ ಉಳಿದದ್ದು ಲೇಪನದ ದಪ್ಪ, ಅಂದರೆ ಅದರ ಆಯುಷ್ಯ. ಗೋಲಾ ಮತ್ತು ಪೈಪಿನ ಬಾಯಿಗೆ ಮೊದಲ ಕೋಟ್ ಹಸಿಯಿರುವಾಗಲೇ ಫೈಬರ್‌ಗ್ಲಾಸ್ ಜಾಲರಿ ಒತ್ತಿ. ಗೋಡೆಯ ಮೇಲೆ 1 ಅಡಿವರೆಗೂ ಲೇಪನ ಹೋಗಲಿ. ಎರಡನೇ ಕೋಟ್ ಮೊದಲನೆಯದಕ್ಕೆ ಅಡ್ಡ ದಿಕ್ಕಿನಲ್ಲಿ. ಮಧ್ಯಾಹ್ನದ ಕಾದ ತಾರಸಿಯ ಮೇಲೆ ಬೇಡ, ಮೇಲ್ಮೈ ಮಾತ್ರ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಕಾಲ: ಒಳನಾಡಿನಲ್ಲಿ ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿ ಯುಗಾದಿಯೊಳಗೆ ಮುಗಿಸುವುದು ಒಳ್ಳೆಯದು, ಏಪ್ರಿಲಿನ ಗುಡುಗು ಮಳೆಗೆ ಸಿಗಬಾರದು. ಕರಾವಳಿ, ಮಲೆನಾಡಿನ ಸುರಿಮಳೆಗೆ ಬರೀ ಲೇಪನವನ್ನು ನಂಬುವುದಕ್ಕಿಂತ ಸ್ಲ್ಯಾಬಿನ ಮೇಲೆ ಶೀಟು ಅಥವಾ ಹೆಂಚಿನ ಮಾಡು ಎತ್ತುವುದೇ ಲೇಸು. ಅಲ್ಲಿನವರು ಹಾಗೆಯೇ ಮಾಡುತ್ತಾರೆ.

ಲೇಪನ ಮುಗಿದ ಮೇಲೆ ಸೋಲಾರ್ ಸ್ಟ್ಯಾಂಡಿಗೆ, ಡಿಶ್ ಆಂಟೆನಾಕ್ಕೆ ನೆಲಕ್ಕೆ ಬೋಲ್ಟು ಹೊಡೆಯಲು ಯಾರನ್ನೂ ಬಿಡಬೇಡಿ. ಕಾಲುಗಳನ್ನು ಕಾಂಕ್ರೀಟ್ ದಿಮ್ಮಿಯಲ್ಲಿ ಕೂರಿಸಿ, ದಿಮ್ಮಿಯ ಅಡಿಗೆ ರಬ್ಬರ್ ಹಾಳೆ ಹಾಸಿದರೆ ಸಾಕು. ಟ್ಯಾಂಕಿನ ಓವರ್‌ಫ್ಲೋ ಪೈಪನ್ನು ತಾರಸಿಯ ಮೇಲೆ ಬಿಡದೆ ನೇರ ಮಳೆಪೈಪಿನ ಬಾಯಿಗೆ ಕೊಂಡೊಯ್ಯಿರಿ.