ಸಂಶಯ ಇದ್ದೂ ಸಭೆ ಬಿಡದವರು, ಸಂಶಯ ಇಲ್ಲದೆಯೂ ಬಿಟ್ಟವರು: ಅಧ್ಯಯನ ಟಿಪ್ಪಣಿ

ಧರ್ಮದ ಸಮಾಜಶಾಸ್ತ್ರ ಓದುವವರಿಗೂ ಸೆಮಿನರಿಯಲ್ಲಿ ಸಭೆಯ, ಅಂದರೆ ಚರ್ಚಿನ, ಇತಿಹಾಸ ಓದುವವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ: ತನ್ನ ಪಂಗಡದ ಬೋಧನೆಯನ್ನು ಪೂರ್ತಿ ನಂಬದ ಕ್ರೈಸ್ತರು ಅಲ್ಲೇ ಯಾಕೆ ಉಳಿಯುತ್ತಾರೆ, ಬಿಡುವವರು ಯಾಕೆ ಬಿಡುತ್ತಾರೆ? ಸಂಶಯ ಜಾಸ್ತಿಯಾದರೆ ಬಿಡುತ್ತಾರೆ, ಕಡಿಮೆಯಿದ್ದರೆ ಉಳಿಯುತ್ತಾರೆ ಎಂದು ತಕ್ಕಡಿ ಹಿಡಿದು ಬರೆದ ಉತ್ತರಗಳೇ ಹೆಚ್ಚು. ಆ ಲೆಕ್ಕ ಕೂಡುವುದಿಲ್ಲ.

ಯಾಕೆ ಕೂಡುವುದಿಲ್ಲ ಎಂಬುದಕ್ಕೆ ಒಂದು ಅಂಕಿ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಅಲ್ಲಿನ ಕ್ಯಾಥೊಲಿಕರನ್ನು ಪರಮಪ್ರಸಾದದ ಬಗ್ಗೆ ಕೇಳಿತು. ರೊಟ್ಟಿ, ದ್ರಾಕ್ಷಾರಸ ನಿಜವಾಗಿ ಯೇಸುವಿನ ಶರೀರ, ರಕ್ತವಾಗುತ್ತವೆ ಎಂದವರು ಶೇ. 31. ಅವು ಸಂಕೇತ ಮಾತ್ರ ಎಂದವರು ಶೇ. 69. ಇದು ಮೂಲೆಯ ಬೋಧನೆಯಲ್ಲ, ಕ್ಯಾಥೊಲಿಕ್ ಆರಾಧನೆಯ ನಡುಗಂಬ. ಪ್ರತಿ ವಾರ ಬಲಿಪೂಜೆಗೆ ಹೋಗುವವರಲ್ಲೂ ನಿಜವಾಗಿ ಬದಲಾಗುತ್ತದೆ ಎಂದವರು ಶೇ. 63 ಅಷ್ಟೇ. ಅಂದರೆ ವಾರವಾರ ಪೀಠದ ಮುಂದೆ ಸಾಲು ನಿಲ್ಲುವವರಲ್ಲಿ ಮೂವರಿಗೆ ಒಬ್ಬರು ಪಂಗಡದ ಅಧಿಕೃತ ಬೋಧನೆಯಿಂದ ಹೊರಗಿದ್ದಾರೆ, ಆದರೂ ಸಾಲಿನಲ್ಲಿದ್ದಾರೆ.

ಆ ಸಾಲಿನಲ್ಲಿ ಏನಾಗುತ್ತದೆ ನೋಡಿ. ಗುರುಗಳು ಪ್ರಸಾದ ಎತ್ತಿ ಹಿಡಿದು "ಕ್ರಿಸ್ತರ ಶರೀರ" ಎನ್ನುತ್ತಾರೆ. ಎದುರಿನವರು "ಆಮೆನ್" ಎನ್ನುತ್ತಾರೆ. ಒಂದೇ ಪದ, ಒಂದು ಸೆಕೆಂಡ್. ಸಂಕೇತ ಎಂದುಕೊಂಡವರಿಗೂ ಆ ಆಮೆನ್ ಸುಲಭವಾಗಿ ಬಾಯಿಗೆ ಬರುತ್ತದೆ, ಯಾವ ಅರ್ಥದಲ್ಲಿ ಹೇಳಿದಿರಿ ಎಂದು ಯಾರೂ ಕೇಳುವುದಿಲ್ಲ. ಇದೇ ಜನರಿಗೆ ಪ್ರತಿ ಭಾನುವಾರ ಬಾಗಿಲಲ್ಲಿ ಒಂದು ಹಾಳೆ ಕೊಟ್ಟು, "ನಾನು ಇದನ್ನು ಅಕ್ಷರಶಃ ನಂಬುತ್ತೇನೆ" ಎಂದು ಸಹಿ ಹಾಕಿಸಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಈ ಟಿಪ್ಪಣಿಯಲ್ಲಿ ನಾವು ಹಿಡಿಯುವ ಎಳೆ ಇದೇ: ಸಂಶಯ ಒಂದು ಕ್ರಿಯೆಗೆ ತಾಗಿದಾಗ ಮಾತ್ರ ಅದು ನಿರ್ಧಾರವಾಗುತ್ತದೆ. ಬಾಯಿಬಿಟ್ಟು ಹೇಳುವುದು, ಸಹಿ ಹಾಕುವುದು, ದುಡ್ಡು ಕಟ್ಟುವುದು, ಕೈ ಎತ್ತಿ ಮತ ಹಾಕುವುದು, ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಿಸುವುದು. ಇವುಗಳಲ್ಲಿ ಒಂದಕ್ಕೂ ತಾಗದ ಸಂಶಯ ಮನುಷ್ಯನ ಜೊತೆ ಅರವತ್ತು ವರ್ಷ ಆರಾಮಾಗಿ ಬದುಕುತ್ತದೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳಿ

ಕನ್ನಡದಲ್ಲಿ "ಅವರು ಸಭೆ ಬದಲಾಯಿಸಿದರು" ಎಂದರೆ ಮೂರು ಬೇರೆ ಬೇರೆ ಸಂಗತಿ ಇರಬಹುದು. ಮನೆ ಬದಲಾಯಿಸಿ ಅದೇ ಪಂಗಡದ ಹತ್ತಿರದ ಸಭೆಗೆ ಸೇರಿದ್ದು ಒಂದು. ಪಂಗಡ ಬದಲಾದರೂ ಹಳೆಯ ದೀಕ್ಷಾಸ್ನಾನ ಹಾಗೆಯೇ ಉಳಿದದ್ದು ಎರಡನೆಯದು. ಪಂಗಡ ಬದಲಾಗಿ ಮತ್ತೊಮ್ಮೆ ನೀರಿಗಿಳಿದದ್ದು ಮೂರನೆಯದು. ಮೂರನ್ನೂ ಒಂದೇ ಬುಟ್ಟಿಗೆ ಹಾಕಿದರೆ ವಿಶ್ಲೇಷಣೆ ಅಲ್ಲೇ ಕೆಡುತ್ತದೆ.

ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ದೊಡ್ಡದು. ನೀರಿನಿಂದ, ತಂದೆ ಮಗ ಪವಿತ್ರಾತ್ಮರ ಹೆಸರಿನಲ್ಲಿ ಕೊಟ್ಟ ದೀಕ್ಷಾಸ್ನಾನವನ್ನು ಕ್ಯಾಥೊಲಿಕ್ ಸಭೆ ಒಪ್ಪುತ್ತದೆ. ಲುಥೆರನ್ ಅಥವಾ ಮೆಥೊಡಿಸ್ಟ್ ಆಗಿದ್ದವರು ಬಂದರೆ ನಂಬಿಕೆಯ ಸಾರವನ್ನು ಸಾಲುಸಾಲಾಗಿ ಹೇಳುವ ವಿಶ್ವಾಸ ಪ್ರಮಾಣ ಹೇಳಿಸಿ, ದೃಢೀಕರಣ (ಕನ್ಫರ್ಮೇಶನ್) ಸಂಸ್ಕಾರ ಕೊಟ್ಟು ಸೇರಿಸಿಕೊಳ್ಳುತ್ತದೆ. ಬ್ಯಾಪ್ಟಿಸ್ಟ್, ಬ್ರದರನ್, ಪೆಂತೆಕೋಸ್ತ್ ಸಭೆಗಳು ಸಾಮಾನ್ಯವಾಗಿ ಶಿಶು ದೀಕ್ಷಾಸ್ನಾನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬುದ್ಧಿ ಬಂದ ಮೇಲೆ ಮುಳುಗಿ ಏಳಬೇಕು. ಆಗ ಮನೆಯಲ್ಲಿ ಏಳುವ ಜಗಳ ಸಿದ್ಧಾಂತದ್ದಷ್ಟೇ ಆಗಿರುವುದಿಲ್ಲ. "ನಾವು ಮಾಡಿಸಿದ್ದು ಸುಳ್ಳಾ?" ಎಂದು ಅಮ್ಮ ಕೇಳುತ್ತಾರೆ. ಹೊಸ ಸಭೆಯ ಬೋಧನೆ ಪೂರ್ತಿ ಒಪ್ಪಿಗೆಯಾಗಿದ್ದರೂ ಎಷ್ಟೋ ಜನ ಹಳೆಯ ಸಭೆಯ ಪಟ್ಟಿಯಲ್ಲೇ ಹೆಸರಿಟ್ಟುಕೊಂಡು ಸಂಜೆ ಮಾತ್ರ ಅಲ್ಲಿಗೆ ಹೋಗಿಬರುವುದು ಈ ಒಂದು ಪ್ರಶ್ನೆಗೆ ಉತ್ತರ ಕೊಡಲಾಗದೆ.

ಸಹಿ: ಆಕ್ಸ್‌ಫರ್ಡ್, 1841ರಿಂದ 1851

ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದಿಲ್ಲ. ಒಂದೇ ವಿಶ್ವವಿದ್ಯಾಲಯ, ಒಂದೇ ಗೆಳೆಯರ ಗುಂಪು, ಹೆಚ್ಚುಕಡಿಮೆ ಒಂದೇ ಸಂಶಯ: ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರ ಕಾಲದಿಂದ ಬಂದ ಸಭೆ ಹೌದೇ? ಆ ಕಾಲದಲ್ಲಿ ಆಕ್ಸ್‌ಫರ್ಡ್ ಸೇರಲೇ ಆಂಗ್ಲಿಕನ್ ಬೋಧನೆಯನ್ನು ಹೇಳುವ 39 ಸಭಾ ನಿಯಮಗಳಿಗೆ ಸಹಿ ಬೇಕಿತ್ತು. ಸೇರುವಾಗಿನ ಸಹಿ ತಪ್ಪಿದ್ದು 1854ರಲ್ಲಿ, ಫೆಲೋಶಿಪ್ ಎಂಬ ಕಾಲೇಜು ಹುದ್ದೆಗಳಿಗೆ ತಪ್ಪಿದ್ದು 1871ರಲ್ಲಿ. ಹೀಗಾಗಿ ಇವರ ಸಂಶಯ ಮನಸ್ಸಿನಲ್ಲಷ್ಟೇ ಇರಲು ಸಾಧ್ಯವಿರಲಿಲ್ಲ.

ಈ ಗುಂಪಿನ ಆಂಗ್ಲಿಕನ್ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಮೊದಲು ಹೊರಡಲಿಲ್ಲ, ಅರ್ಥ ಹಿಗ್ಗಿಸಿದರು. ಗುಂಪು ಹೊರತರುತ್ತಿದ್ದ ಕಿರುಹೊತ್ತಗೆಗಳ ಸರಣಿಯಲ್ಲಿ 1841ರ 90ನೆಯದರಲ್ಲಿ ಅವರ ವಾದ ಇದು: 22ನೇ ನಿಯಮ ಖಂಡಿಸುವುದು ಸತ್ತವರ ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳದ ಬಗೆಗಿನ "ರೋಮಿನ" ಬೋಧನೆಯನ್ನು. ಅಂದರೆ ಆ ಕಾಲದ ಜನಬಳಕೆಯ ಅತಿರೇಕವನ್ನೇ ಹೊರತು ಪುರಾತನ ಸಭೆಯ ನಂಬಿಕೆಯನ್ನಲ್ಲ. ಆದ್ದರಿಂದ ಕ್ಯಾಥೊಲಿಕ್ ಮನಸ್ಸಿನವರೂ ಸಹಿ ಹಾಕಬಹುದು. ಇದು ಕುತಂತ್ರದಂತೆ ಕಾಣಬಹುದು, ಆದರೆ ಉಳಿಯಬಯಸುವವರ ಮೊದಲ ಹೆಜ್ಜೆ ಎಲ್ಲ ಕಡೆ ಇದೇ. ವಾಕ್ಯವನ್ನು ಬಿಡದೆ ಅದರ ಅರ್ಥವನ್ನು ತನಗೆ ಹೊಂದುವಷ್ಟು ಅಗಲ ಮಾಡಿಕೊಳ್ಳುವುದು.

ಮುಂದಿನದ್ದು ಗಮನಿಸಿ. ವಿಶ್ವವಿದ್ಯಾಲಯದ ಮುಖ್ಯಸ್ಥರು ಆ ಓದನ್ನು ಖಂಡಿಸಿದರು, ಬಿಷಪ್ಪರು ಒಬ್ಬೊಬ್ಬರಾಗಿ ವಿರುದ್ಧ ಮಾತಾಡಿದರು. ಅರ್ಥ ಹಿಗ್ಗಿಸುವ ದಾರಿಯನ್ನು ಸಂಸ್ಥೆಯೇ ಮುಚ್ಚಿತು. ಆದರೂ ನ್ಯೂಮನ್ ತಕ್ಷಣ ಹೊರಡಲಿಲ್ಲ. 1843ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಮೇರಿ ಚರ್ಚಿನ ಹೊಣೆ ಬಿಟ್ಟರು. 1845ರ ಅಕ್ಟೋಬರ್ 3ರಂದು ಓರಿಯಲ್ ಕಾಲೇಜಿನ ಫೆಲೋಶಿಪ್ ಬಿಟ್ಟರು. ಅಕ್ಟೋಬರ್ 9ರಂದು ಲಿಟಲ್‌ಮೋರ್‌ನಲ್ಲಿ ಕ್ಯಾಥೊಲಿಕ್ ಸಭೆಗೆ ಸೇರಿದರು. ನಾಲ್ಕೂವರೆ ವರ್ಷದಲ್ಲಿ ಒಂದೊಂದೇ ಗಂಟು ಬಿಚ್ಚುತ್ತಾ ಹೋದದ್ದು. ಪಂಗಡ ಬದಲಾವಣೆಯನ್ನು ದಮಸ್ಕದ ದಾರಿಯಲ್ಲಿ ಪೌಲನನ್ನು ಒಮ್ಮೆಲೇ ಬದಲಾಯಿಸಿದ ಬೆಳಕಿನಂತೆ ಬರೆಯುವವರು ಈ ತಾರೀಖುಗಳನ್ನು ಒಂದರ ಕೆಳಗೊಂದು ಬರೆದು ನೋಡಲಿ.

ಅವರ ಗೆಳೆಯ ಪ್ಯೂಸಿಯನ್ನು 1843ರಲ್ಲಿ ವಿಶ್ವವಿದ್ಯಾಲಯ ಎರಡು ವರ್ಷ ಪ್ರಸಂಗ ಮಾಡದಂತೆ ತಡೆಯಿತು. ನ್ಯೂಮನ್‌ಗೆ ಆದದ್ದಕ್ಕಿಂತ ಇದು ನೇರವಾದ ಶಿಕ್ಷೆ. ಅವರು 1882ರಲ್ಲಿ ಸಾಯುವವರೆಗೂ ಆಂಗ್ಲಿಕನ್ ಆಗಿಯೇ ಉಳಿದರು. ಇನ್ನೊಬ್ಬ ಗೆಳೆಯ ಕೀಬಲ್ 1836ರಿಂದ 1866ರವರೆಗೆ ಹರ್ಸ್ಲಿ ಎಂಬ ಹಳ್ಳಿಯ ಪಾದ್ರಿ. ಇಬ್ಬರಿಗೂ ತಮ್ಮ ಸಭೆ ಆಗಲೇ ಪುರಾತನ ಸಭೆಯ ಕೊಂಬೆ. ಹಾಗಿರುವಾಗ ಹೊರಟರೆ ತಾವೇ ಅದು ಸುಳ್ಳು ಎಂದು ಒಪ್ಪಿದಂತೆ. ಒಂದೇ ಸಂಶಯ ಒಬ್ಬರನ್ನು ಹೊರಗೆ ತಳ್ಳಿತು, ಇನ್ನೊಬ್ಬರ ಕಾಲನ್ನು ಅಲ್ಲೇ ಕಟ್ಟಿಹಾಕಿತು.

ಮೂರನೆಯ ಮಾದರಿ ಆಂಗ್ಲಿಕನ್ ಪಾದ್ರಿ ಹೆನ್ರಿ ಮ್ಯಾನಿಂಗ್. 1850ರ ಗೋರಮ್ ತೀರ್ಪಿನಲ್ಲಿ ರಾಣಿಯ ಪ್ರಿವಿ ಕೌನ್ಸಿಲ್, ಶಿಶು ದೀಕ್ಷಾಸ್ನಾನದ ಫಲದ ಬಗ್ಗೆ ಬಿಷಪ್ಪರು ಆಕ್ಷೇಪಿಸಿದ್ದ ಗೋರಮ್ ಎಂಬ ಪಾದ್ರಿಯನ್ನು ಎತ್ತಿಹಿಡಿಯಿತು. ಮ್ಯಾನಿಂಗರನ್ನು ಕಾಡಿದ್ದು ತೀರ್ಪು ಏನು ಎಂಬುದಕ್ಕಿಂತ ತೀರ್ಪು ಕೊಟ್ಟವರು ಯಾರು ಎಂಬುದು: ಸಿದ್ಧಾಂತವನ್ನು ಸರ್ಕಾರದ ನ್ಯಾಯಪೀಠ ತೀರ್ಮಾನಿಸಬಹುದೇ? 1851ರ ಏಪ್ರಿಲ್‌ನಲ್ಲಿ ಹೊರಟರು, ಜೂನ್‌ನಲ್ಲಿ ಕ್ಯಾಥೊಲಿಕ್ ಗುರುವಾದರು. ಅಷ್ಟು ಬೇಗ ಆಗಲು ಒಂದು ಒಣ ಕಾರಣವೂ ಇದೆ. ಅವರ ಹೆಂಡತಿ 1837ರಲ್ಲೇ ತೀರಿಕೊಂಡಿದ್ದರು. ಹೆಂಡತಿ ಇರುವ ಆಂಗ್ಲಿಕನ್ ಪಾದ್ರಿಗೆ ಆ ಕಾಲದಲ್ಲಿ ರೋಮಿನ ಸಭೆ ಸೇರುವುದೆಂದರೆ ಗುರುತನ, ಮನೆ, ಸಂಬಳ ಮೂರನ್ನೂ ಕಳೆದುಕೊಂಡು ಗೃಹಸ್ಥನಾಗಿ ನಿಲ್ಲುವುದು. ಸಿದ್ಧಾಂತದ ಚರ್ಚೆಯಲ್ಲಿ ಸಂಸಾರದ ಲೆಕ್ಕ ಬರೆಯದೆ ಬಿಟ್ಟರೆ ಅರ್ಧ ಚಿತ್ರ ಮಾತ್ರ ಕಾಣುತ್ತದೆ.

ದುಡ್ಡು: ಜರ್ಮನಿ

ಜರ್ಮನಿಯಲ್ಲಿ ಆದಾಯ ತೆರಿಗೆಯ ಮೇಲೆ ಸಭಾ ತೆರಿಗೆ ಇದೆ. ಬವೇರಿಯಾ, ಬಾಡೆನ್-ವುರ್ಟೆಂಬರ್ಗ್‌ಗಳಲ್ಲಿ ಆದಾಯ ತೆರಿಗೆಯ ಶೇ. 8, ಉಳಿದ ಕಡೆ ಶೇ. 9. ವರ್ಷಕ್ಕೆ 6,000 ಯೂರೋ ಆದಾಯ ತೆರಿಗೆ ಕಟ್ಟುವವರಿಗೆ ಸಭಾ ತೆರಿಗೆ 480 ಅಥವಾ 540 ಯೂರೋ. ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಬಿಡಬೇಕಾದರೆ ಪಾದ್ರಿಯ ಬಳಿ ಹೋಗುವಂತಿಲ್ಲ, ಸರ್ಕಾರಿ ನೋಂದಣಿ ಕಚೇರಿ ಅಥವಾ ನ್ಯಾಯಾಲಯದಲ್ಲಿ ಅರ್ಜಿ ಕೊಡಬೇಕು.

2022ರಲ್ಲಿ ಹೀಗೆ ಕ್ಯಾಥೊಲಿಕ್ ಸಭೆ ಬಿಟ್ಟವರು 5,22,821 ಮಂದಿ. ಆ ವರ್ಷ ಯಾವ ಸಿದ್ಧಾಂತವೂ ಬದಲಾಗಿರಲಿಲ್ಲ. ಜನವರಿಯಲ್ಲಿ ಮ್ಯೂನಿಕ್ ಧರ್ಮಪ್ರಾಂತ್ಯದಲ್ಲಿ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯದ ವರದಿ ಹೊರಬಂದಿತ್ತು. ಬಹಳ ಮಂದಿಗೆ ಬೋಧನೆಯ ಮೇಲಿನ ನಂಬಿಕೆ ಹಿಂದೆಯೇ ಸಡಿಲವಾಗಿತ್ತು, ಹೇಳುವವರ ಮೇಲಿನ ವಿಶ್ವಾಸವೂ ಹೋದಾಗ ಪ್ರತಿ ತಿಂಗಳು ಸಂಬಳದ ಚೀಟಿಯಲ್ಲಿ ಕಾಣುವ ಆ ಒಂದು ಸಾಲು ಚುಚ್ಚತೊಡಗಿತು. ದುಡ್ಡಿಗಾಗಿ ಬಿಟ್ಟರು ಎಂದು ಬರೆದರೆ ತಪ್ಪು. ಆ ಸಾಲು ಪ್ರತಿ ತಿಂಗಳು ಪ್ರಶ್ನೆ ಕೇಳಿತು ಎಂದು ಬರೆದರೆ ಸರಿ.

ಮತ ಮತ್ತು ಆಸ್ತಿ: ಅಮೆರಿಕದ ಮೆಥೊಡಿಸ್ಟರು

ವ್ಯಕ್ತಿಯ ಬದಲು ಇಡೀ ಸಭೆಯೇ ಹೊರಟರೆ? ಯುನೈಟೆಡ್ ಮೆಥೊಡಿಸ್ಟ್ ಸಭೆಯಲ್ಲಿ ಸಲಿಂಗ ವಿವಾಹ, ಸಲಿಂಗಿ ಪಾದ್ರಿಗಳ ಕುರಿತು ದಶಕಗಳ ಭಿನ್ನಮತವಿತ್ತು. ಭಿನ್ನಮತ ಇದ್ದೂ ಯಾರೂ ಸುಲಭವಾಗಿ ಹೊರಡದಿರಲು ಕಾರಣ ಆಸ್ತಿಪತ್ರದ ನ್ಯಾಸ ಷರತ್ತು: ಕಟ್ಟಡ ಸ್ಥಳೀಯ ಸಭೆಯ ಹೆಸರಿನಲ್ಲಿದ್ದರೂ ಇಡೀ ಪಂಗಡದ ಪರವಾಗಿ. ಹೊರಟರೆ ಬರಿಗೈ.

2019ರಲ್ಲಿ ನಿಯಮ ಪುಸ್ತಕಕ್ಕೆ 2553ನೇ ಪ್ಯಾರಾ ಸೇರಿತು. ಅದರಂತೆ ಕಟ್ಟಡ ಉಳಿಸಿಕೊಂಡು ಹೊರಡಬೇಕಾದರೆ ಹಾಜರಿರುವ ಸದಸ್ಯರಲ್ಲಿ ಮೂರನೇ ಎರಡರಷ್ಟು ಮತ ಬೀಳಬೇಕಿತ್ತು. ಪಂಗಡಕ್ಕೆ ಸಲ್ಲಬೇಕಾದ ಹಿಂದಿನ 12 ತಿಂಗಳ ಬಾಕಿ ವಂತಿಗೆ ತೀರಿಸಿ, ಇನ್ನೂ 12 ತಿಂಗಳದ್ದು ಕಟ್ಟಬೇಕಿತ್ತು. ಪಾದ್ರಿಗಳ ಪಿಂಚಣಿಯ ಪಾಲೂ ಕಟ್ಟಬೇಕಿತ್ತು. ಕೊನೆಗೆ ಆ ಪ್ರದೇಶದ ಸಭೆಗಳ ವಾರ್ಷಿಕ ಸಮ್ಮೇಳನ ಒಪ್ಪಬೇಕಿತ್ತು. ಗಡುವು 2023ರ ಡಿಸೆಂಬರ್ 31. ಅಷ್ಟರಲ್ಲಿ ಅಮೆರಿಕದ ಸುಮಾರು 30,000 ಸಭೆಗಳಲ್ಲಿ 7,600ಕ್ಕೂ ಹೆಚ್ಚು ಹೊರಟವು. ಗಡುವು ಇದ್ದದ್ದರಿಂದಲೇ ಸುಮ್ಮನಿದ್ದವರೂ ನಿರ್ಧಾರ ಮಾಡಬೇಕಾಯಿತು.

ಇಲ್ಲಿ ಅಂಕಿ ಓದುವಾಗ ಎಡವುವ ಜಾಗ ಒಂದಿದೆ. 90 ಜನ ಹಾಜರಿದ್ದರೆ 60 ಮತ ಬೇಕು. 59 ಬಿದ್ದರೆ ಸಭೆ ಉಳಿದ ಪಟ್ಟಿಯಲ್ಲಿ, ಆದರೆ ಅದರೊಳಗೆ ಹೊರಡಬಯಸಿದವರೇ ಬಹುಮತ. 60 ಬಿದ್ದರೆ ಸಭೆ ಹೊರಟ ಪಟ್ಟಿಯಲ್ಲಿ, ಉಳಿಯಬೇಕೆಂದಿದ್ದ 30 ಜನ ತಾವು ಕಟ್ಟಿದ ಚರ್ಚಿನಲ್ಲೇ ಬೇರೆ ಪಂಗಡದವರು. ಆದ್ದರಿಂದ 7,600 ಎಂಬುದನ್ನು ಅಷ್ಟು ಸಭೆಗಳ ಎಲ್ಲ ಸದಸ್ಯರ ಅಭಿಪ್ರಾಯ ಎಂದು ಬರೆಯಬೇಡಿ.

ಉಳಿಸಿಕೊಳ್ಳುವ ಕಲೆ: ಸಿಎಸ್‌ಐ

ನಮ್ಮ ಕಡೆಯ ಉದಾಹರಣೆ ತಿರುವುಮುರುವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆದಾಗ ಆಂಗ್ಲಿಕನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರಿಗೇಷನಲ್ ಹಿನ್ನೆಲೆಯವರು ಒಂದೇ ಸೂರಿನಡಿ ಬಂದರು. ಅಂದರೆ ಜನ ಪಂಗಡ ಬದಲಾಯಿಸಲಿಲ್ಲ, ಪಂಗಡವೇ ಅವರ ಕಾಲ ಕೆಳಗೆ ಬದಲಾಯಿತು. ಬಿಷಪ್ ಬೇಕೇ ಬೇಡವೇ ಎಂಬುದು ಇವರ ನಡುವಿನ ಹಳೆಯ ತಕರಾರು. ಅದನ್ನು ಯಾರ ಬಾಯಲ್ಲೂ ಹೇಳಿಸದೆ ದಾಟಿದ ಉಪಾಯ ಒಂದು ಪ್ರತಿಜ್ಞೆ: ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ ಪಾದ್ರಿಯನ್ನಾಗಲಿ ಹೇರುವುದಿಲ್ಲ. ಮುಂದಿನ ಪಾದ್ರಿಗಳೆಲ್ಲ ಬಿಷಪ್ಪರ ಕೈಯಿಂದ ಅಭಿಷೇಕ ಪಡೆಯಲಿ, ಆಗಲೇ ಇದ್ದವರಿಗೆ ಮರು ಅಭಿಷೇಕ ಬೇಡ. ಸಂಶಯ ಕ್ರಿಯೆಗೆ ತಾಗದಂತೆ ನಡುವೆ ಮೆತ್ತೆ ಇಟ್ಟರು. ಆದರೂ ನಂದ್ಯಾಲದ ಆಂಗ್ಲಿಕನರಲ್ಲಿ ಬಹುಪಾಲು ಒಪ್ಪದೆ ಹೊರಗುಳಿದರು, ಅದನ್ನೂ ಉತ್ತರದಲ್ಲಿ ಬರೆಯಿರಿ.

ಕರ್ನಾಟಕದಲ್ಲಿ ಈ ಹೊತ್ತು ಹಳೆಯ ಸಭೆಯಿಂದ ಸ್ವತಂತ್ರ ಸಭೆಗೆ ಹೋಗುವವರನ್ನು ತಡೆದು ನಿಲ್ಲಿಸುವ ಎರಡು ಸಂಗತಿಗಳಿಗೂ ಸಿದ್ಧಾಂತಕ್ಕೂ ಸಂಬಂಧವಿಲ್ಲ. ಒಂದು ಮದುವೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಬಿಷಪ್ಪರಿಂದ ಅಭಿಷೇಕ ಪಡೆದ ಪಾದ್ರಿ ತನ್ನ ಸಭೆಯ ನಿಯಮದಂತೆ ಮದುವೆ ಮಾಡಿಸಬಹುದು. ಬಿಷಪ್ಪರಿಲ್ಲದ ಸ್ವತಂತ್ರ ಸಭೆಯ ಪಾಸ್ಟರ್‌ಗೆ ಸರ್ಕಾರದ ಪರವಾನಗಿ ಬೇಕು. ಅಧಿಕಾರವಿಲ್ಲದೆ ಮಾಡಿಸಿದರೆ ಅದು ಶಿಕ್ಷಾರ್ಹ ಅಪರಾಧ. ಇನ್ನೊಂದು ಸಮಾಧಿ. ಚರ್ಚಿನ ಸಮಾಧಿ ಜಾಗ ಸಾಮಾನ್ಯವಾಗಿ ಪಟ್ಟಿಯಲ್ಲಿರುವವರಿಗೆ, ಹೊಸ ಸಭೆ ಬಾಡಿಗೆ ಹಾಲಿನಲ್ಲಿ ನಡೆಯುತ್ತಿರುತ್ತದೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಹಳೆಯ ಸಭೆಯ ವಂತಿಗೆ ತಪ್ಪದೆ ಸಂದಾಯವಾಗುತ್ತದೆ.

ಸಂದರ್ಶನ ಮಾಡುವವರಿಗೆ

"ಯಾಕೆ ಬಿಟ್ಟಿರಿ?" ಎಂದು ಶುರು ಮಾಡಿದರೆ ಸಾಕ್ಷಿಯ ಭಾಷಣ ಸಿಗುತ್ತದೆ. ಹೊಸ ಸಭೆಯಲ್ಲಿ ಹತ್ತು ಸಲ ಹೇಳಿ ರೂಢಿಯಾದ ಕಥೆ, ಅದರಲ್ಲಿ ಸಿದ್ಧಾಂತ ಮುಂದೆ, ಸಂಸಾರ ಹಿಂದೆ. ಪ್ಯೂ ಕೇಂದ್ರ 2009ರಲ್ಲಿ ಕಾರಣಗಳನ್ನು ಒಂದೊಂದಾಗಿ ಕೇಳಿತ್ತು, ಒಬ್ಬರು ಎಷ್ಟಕ್ಕೆ ಬೇಕಾದರೂ ಹೌದೆನ್ನಬಹುದಿತ್ತು. ಆಗ ಒಂದು ಪ್ರಾಟೆಸ್ಟೆಂಟ್ ಪಂಗಡದಿಂದ ಇನ್ನೊಂದಕ್ಕೆ ಹೋದವರಲ್ಲಿ ಶೇ. 38 ಮಂದಿ ಊರು ಬದಲಾದದ್ದನ್ನೂ ಶೇ. 36 ಮಂದಿ ಮದುವೆಯನ್ನೂ ಕಾರಣವಾಗಿ ಒಪ್ಪಿದರು.

ನೀವೂ ತಾರೀಖುಗಳಿಂದ ಶುರು ಮಾಡಿ. ಕೊನೆಯ ಸಲ ಹಳೆಯ ಸಭೆಗೆ ವಂತಿಗೆ ಕೊಟ್ಟದ್ದು ಯಾವಾಗ, ಹೊಸ ಸಭೆಗೆ ಮೊದಲ ಸಲ ಯಾರ ಜೊತೆ ಹೋದಿರಿ, ಮಕ್ಕಳ ದೀಕ್ಷಾಸ್ನಾನ ಎಲ್ಲಾಯಿತು, ಹೆಸರು ಈಗ ಯಾವ ಪಟ್ಟಿಯಲ್ಲಿದೆ. ಉಳಿದವರಿಗೆ ಬೇರೆ ಪ್ರಶ್ನೆ: ವಿಶ್ವಾಸ ಪ್ರಮಾಣ ಹೇಳುವಾಗ ಯಾವ ಸಾಲಿನಲ್ಲಿ ಬಾಯಿ ಮುಚ್ಚುತ್ತೀರಿ? ಈ ಪ್ರಶ್ನೆಗೆ ಮೊದಲು ನಗು ಬರುತ್ತದೆ. ಸ್ವಲ್ಪ ಹೊತ್ತು ಕಾಯಿರಿ, ಆಮೇಲೆ ಸಾಲೂ ಬರುತ್ತದೆ.